ಆರ್ ಅಂಡ್ ಡಿ ಖರ್ಚು ಏರದೆ ನಾವೀನ್ಯತಾ ಸೂಚ್ಯಂಕದಲ್ಲಿ ಭಾರತ ಏರಿದ್ದು ಹೇಗೆ?

ಕಡತಪ್ರಿಯ:
ವೈಪೋ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಪ್ರಕಟಿಸುವ ಜಾಗತಿಕ ನಾವೀನ್ಯತಾ ಸೂಚ್ಯಂಕದ ಪಟ್ಟಿಯಲ್ಲಿ ಭಾರತ 2015ರಲ್ಲಿ 81ನೇ ಸ್ಥಾನದಲ್ಲಿತ್ತು, 2025ರಲ್ಲಿ 38. ಆದರೆ ಆರ್ ಅಂಡ್ ಡಿಗೆ, ಅಂದರೆ ಸಂಶೋಧನೆ ಮತ್ತು ಅಭಿವೃದ್ಧಿಗೆ, ನಾವು ಹಾಕುವುದು ಜಿಡಿಪಿಯ ಶೇ 0.64ರ ಆಸುಪಾಸು, ದಕ್ಷಿಣ ಕೊರಿಯಾ ಶೇ 5ರ ಹತ್ತಿರ. ಲೆಕ್ಕ ತಾಳೆಯಾಗುತ್ತಿಲ್ಲವಲ್ಲ? ಎರಡು ದೇಶಗಳನ್ನು ಹೋಲಿಸಲು ಈ ರ‍್ಯಾಂಕ್ ನಂಬಬಹುದಾ?

ತೂಕದಕಲ್ಲು:
ಯಾವುದಕ್ಕೆ ಎಷ್ಟು ತೂಕ ಅಂತ ನೋಡಿ ಸರ್. ಒಟ್ಟು ಏಳು ಸ್ತಂಭ: ಐದು ಹೂಡಿಕೆಯ ಕಡೆಯವು, ಎರಡು ಫಲಿತಾಂಶದ ಕಡೆಯವು. ಎರಡೂ ಗುಂಪಿಗೆ ಅರ್ಧರ್ಧ ಪಾಲು. ಹಾಗಾಗಿ ಹೂಡಿಕೆಯ ಒಂದು ಸ್ತಂಭಕ್ಕೆ ಶೇ 10, ಫಲಿತಾಂಶದ ಒಂದಕ್ಕೆ ಶೇ 25. ಆರ್ ಅಂಡ್ ಡಿ ಖರ್ಚು ಸುಮಾರು 80 ಮಾನಕಗಳಲ್ಲಿ (ಅಳತೆಗಳಲ್ಲಿ) ಒಂದು, ಅದೂ ಹೂಡಿಕೆಯ ಕಡೆ. ಒಂದು ಸ್ತಂಭದ ಮೂರು ಭಾಗಗಳಲ್ಲೊಂದರಲ್ಲಿ, ನಾಲ್ವರಲ್ಲಿ ಒಬ್ಬನಂತೆ ಕೂತಿದೆ. ಅಂತಿಮ ಅಂಕದಲ್ಲಿ ಅದರ ಪಾಲು ಶೇ 1ರ ಸುತ್ತಮುತ್ತ, ಅಷ್ಟೇ. ಅದರ ಪಕ್ಕದಲ್ಲೇ ದೇಶದ ಮೊದಲ ಮೂರು ವಿಶ್ವವಿದ್ಯಾಲಯಗಳ ಕ್ಯೂಎಸ್ (ಜಾಗತಿಕ ವಿಶ್ವವಿದ್ಯಾಲಯ ಶ್ರೇಯಾಂಕ ಪಟ್ಟಿ) ಅಂಕದ ಸರಾಸರಿ ಇದೆ. ಮೂರೇ ಸಾಕು, ಉಳಿದ ಸಾವಿರಾರು ಕಾಲೇಜುಗಳನ್ನು ಕೇಳುವವರಿಲ್ಲ! ದೊಡ್ಡ ದೇಶಗಳಿಗೆ ಇದು ಅನುಕೂಲ. ಫಲಿತಾಂಶದ ಕಡೆ ಐಟಿ ಸೇವಾ ರಫ್ತನ್ನು ಒಟ್ಟು ವ್ಯಾಪಾರದ ಪಾಲಾಗಿ ಅಳೆಯುತ್ತಾರೆ, ಅಲ್ಲಿ ನಾವು ಮುಂಚೂಣಿ. ಸರಕು ವ್ಯಾಪಾರ ಸೊರಗಿದರೂ ಆ ಪಾಲು ಏರುತ್ತದೆ.

ಛೇದ_ನೋಡಿ:
ರ‍್ಯಾಂಕ್ ಬಿಡಿ, ಮಾನಕದ ಮೂಲ ಅಂಕಿ ತೆಗೆದುಕೊಳ್ಳಿ. ಮೊದಲು ಅದು ಯಾವ ವರ್ಷದ್ದು ನೋಡಿ. ಹೊಸ ವರದಿಯಲ್ಲೂ ಹಳೆಯ ಅಂಕಿ ಇರುತ್ತದೆ. ಆಮೇಲೆ ಛೇದ. ಪೇಟೆಂಟ್ ಸಂಖ್ಯೆಯನ್ನು ಪಿಪಿಪಿ ಜಿಡಿಪಿಯಿಂದ, ಅಂದರೆ ಆಯಾ ದೇಶದ ಬೆಲೆಮಟ್ಟಕ್ಕೆ ಸರಿಹೊಂದಿಸಿದ ಜಿಡಿಪಿಯಿಂದ, ಭಾಗಿಸುತ್ತಾರೆ. ಭಾರತದ ಪಿಪಿಪಿ ಜಿಡಿಪಿ, ಡಾಲರ್ ಜಿಡಿಪಿಯ ಮೂರು ಪಟ್ಟಿಗೂ ಹೆಚ್ಚು, ಹಾಗಾಗಿ ನಮ್ಮ ಅಂಕ ಕುಗ್ಗುತ್ತದೆ. ಎಲ್ಲವೂ ದುಬಾರಿಯಾದ ಸ್ವಿಟ್ಜರ್‌ಲೆಂಡ್‌ಗೆ ಇದು ಉಲ್ಟಾ. ಅಂಕಿ ಕೊಡದ ಮಾನಕಕ್ಕೆ ಸೊನ್ನೆ ಹಾಕುವುದಿಲ್ಲ, ಅದನ್ನು ಬಿಟ್ಟು ಉಳಿದವುಗಳ ಸರಾಸರಿ ಮಾಡುತ್ತಾರೆ. ತನಗೆ ಹಿನ್ನಡೆಯಾಗುವ ಅಂಕಿಯನ್ನೇ ಕೊಡದ ದೇಶಕ್ಕೆ ಲಾಭವೂ ಆದೀತು. ಒಂದೆರಡು ಸ್ಥಾನದ ಏರಿಳಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ವರದಿಯೇ ರ‍್ಯಾಂಕ್‌ಗೆ ವಿಶ್ವಾಸ ವ್ಯಾಪ್ತಿ (ಸ್ಥಾನ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ಅಂದಾಜು) ಕೊಡುತ್ತದೆ.

ಕೊರಿಯಾ ಜೊತೆ ಹೋಲಿಸುವುದಾದರೆ ಉದ್ಯಮಗಳ ಪಾಲು ನೋಡಿ: ಅಲ್ಲಿ ಆರ್ ಅಂಡ್ ಡಿಯ ಮುಕ್ಕಾಲು ಭಾಗ, ನಮ್ಮಲ್ಲಿ ಸುಮಾರು ಶೇ 36.

ಮೆಜೆಸ್ಟಿಕ್2:
ವೈಪೋದ ನಗರಗಳ ಪಟ್ಟಿಯಲ್ಲೂ ಇದೇ ಕಥೆ. ಬೆಂಗಳೂರು 2024ರಲ್ಲಿ 56, 2025ರಲ್ಲಿ 21. ಮೊದಲು ಪಿಸಿಟಿ (ಅಂತಾರಾಷ್ಟ್ರೀಯ) ಪೇಟೆಂಟ್ ಅರ್ಜಿ ಮತ್ತು ವೈಜ್ಞಾನಿಕ ಪ್ರಬಂಧ ಮಾತ್ರ ಎಣಿಸುತ್ತಿದ್ದರು, 2025ರಲ್ಲಿ ವೆಂಚರ್ ಕ್ಯಾಪಿಟಲ್ (ಸ್ಟಾರ್ಟಪ್‌ಗಳಿಗೆ ಹಾಕುವ ಬಂಡವಾಳ) ಒಪ್ಪಂದಗಳನ್ನೂ ಸೇರಿಸಿದರು. ಸ್ಟಾರ್ಟಪ್ ಹಣ ಬಂದು ಬೀಳುವ ಊರು ಮೇಲಕ್ಕೆ ಹೋಗಲೇಬೇಕಲ್ಲ! ಇವೆರಡು ವರ್ಷವನ್ನು ಒಂದೇ ಗ್ರಾಫಿನಲ್ಲಿ ಗೆರೆ ಎಳೆದು ಜೋಡಿಸಬೇಡಿ.