ಮೆಹಂದಿ ಕಲಸಲು ಡಿಕಾಕ್ಷನ್, ಮೊಸರು, ನಿಂಬೆರಸ: ಬಿಳಿಕೂದಲಿಗೆ ಯಾವುದು ಸರಿ?

ತೋಟದಮನೆ, ಮೂಡಿಗೆರೆ
ಭುಜದವರೆಗಿನ ಕೂದಲು, ಕಾಲು ಭಾಗ ಬೆಳ್ಳಗಾಗಿದೆ. 100 ಗ್ರಾಂ ಮೆಹಂದಿ ಪುಡಿ ಇದೆ. ಮನೆಯಲ್ಲಿ ಒಬ್ಬರು ಕಾಫಿ ಡಿಕಾಕ್ಷನ್ ಅಂತಾರೆ, ಇನ್ನೊಬ್ಬರು ಮೊಸರು. ಪಕ್ಕದ ಮನೆಯವರು ನಿಂಬೆರಸ ಹಾಕಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ಬಿಡಿ ಅಂತಾರೆ. ಯಾವುದರಲ್ಲಿ ಕಲಸಿದರೂ ಬಿಳಿಕೂದಲು ಕಿತ್ತಳೆ ಬಣ್ಣಕ್ಕೇ ನಿಲ್ಲುತ್ತಿದೆ. ಕಂದು ಬರಲು ಏನು ಹಾಕಬೇಕು?

ಮದರಂಗಿ, ಹಾಸನ
ಬಣ್ಣ ಇರುವುದು ಎಲೆಯಲ್ಲಿ, ಕಲಸುವ ದ್ರವದಲ್ಲಲ್ಲ. ಎಲೆಯ ಲಾಸೋನ್ ಅನ್ನುವ ಅಂಶ ಕೂದಲಿನ ಕೆರಾಟಿನ್ ಅನ್ನುವ ಪ್ರೋಟೀನಿಗೆ ಅಂಟುತ್ತದೆ. ಅದರ ಬಣ್ಣವೇ ಕಿತ್ತಳೆಗೆಂಪು, ಹಾಗಾಗಿ ಬರೀ ಮೆಹಂದಿಯಿಂದ ಬಿಳಿಕೂದಲಿಗೆ ಕಂದು ಬರುವುದಿಲ್ಲ. ದ್ರವದ ಕೆಲಸ ಆ ಅಂಶವನ್ನು ನಿಧಾನವಾಗಿ ಬಿಡಿಸುವುದು. ಅದಕ್ಕೆ ತುಸು ಹುಳಿ ಬೇಕು. 100 ಗ್ರಾಂಗೆ ಎರಡು ಚಮಚ ನಿಂಬೆರಸ, ಉಳಿದದ್ದು ಉಗುರುಬೆಚ್ಚಗಿನ ನೀರು ಅಥವಾ ಆರಿದ ಟೀ ಡಿಕಾಕ್ಷನ್, ಒಟ್ಟು ಸುಮಾರು 300 ಮಿಲಿ. ಇಡ್ಲಿ ಹಿಟ್ಟಿನ ಹದಕ್ಕೆ ಬರಬೇಕು. ಪೂರ್ತಿ ನಿಂಬೆರಸದಲ್ಲೇ ಕಲಸಿದರೆ ನೆತ್ತಿ ಉರಿಯುತ್ತದೆ, ಕೂದಲು ಒರಟಾಗುತ್ತದೆ. ಕುದಿಯುವ ನೀರು ಸುರಿದರೆ ಬಣ್ಣ ಬೇಗ ಬಿಟ್ಟು ಬೇಗ ಸತ್ತುಹೋಗುತ್ತದೆ.

ಕಾಫಿಯೂ ತುಸು ಹುಳಿಯೇ, ಆದ್ದರಿಂದ ಕಲಸಲು ತೊಂದರೆಯಿಲ್ಲ. ಆದರೆ ಕಾಫಿಯ ಕಂದು ಮಾತ್ರ ಒಂದೆರಡು ಸ್ನಾನದಲ್ಲಿ ತೊಳೆದುಹೋಗುತ್ತದೆ. ನಿಮ್ಮ ಕಡೆಯ ಒಳ್ಳೆ ಪುಡಿಯನ್ನು ಲೋಟಕ್ಕೇ ಉಳಿಸಿಕೊಳ್ಳಿ.

ಬಾಬಾಬುಡನ್, ಚಿಕ್ಕಮಗಳೂರು
ಮೊಸರು, ಮೊಟ್ಟೆ ಬೇಡ. ಅವುಗಳ ಪ್ರೋಟೀನಿಗೂ ಲಾಸೋನ್ ಅಂಟಿಕೊಳ್ಳುವುದರಿಂದ ಕೂದಲಿಗೆ ಸಿಗುವುದು ಕಡಿಮೆಯಾಗುತ್ತದೆ. ಎಣ್ಣೆ ಹಾಕಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಚ್ಚುವ ಮುಂಚೆ ಶ್ಯಾಂಪೂ ಅಥವಾ ಸೀಗೆಕಾಯಿಯಲ್ಲಿ ತೊಳೆದು ಜಿಡ್ಡು ಪೂರ್ತಿ ತೆಗೆಯಿರಿ. ತಲೆ ಒಣಗುತ್ತದೆ ಅನ್ನುವ ಭಯಕ್ಕೆ ಮೊಸರು ಹಾಕುತ್ತಿದ್ದರೆ ದಾಸವಾಳದ ಎಲೆ ಕಿವುಚಿದ ಲೋಳೆ ಸೇರಿಸಿ, ಲೇಪ ನುಣ್ಣಗಾಗುತ್ತದೆ.

ಕಬ್ಬಿಣದ ಬಾಣಲೆಯಲ್ಲಿ ಲೇಪ ಕಪ್ಪಾಗಿ ಕಾಣುತ್ತದೆ, ಕೂದಲಿಗೆ ಬರುವ ವ್ಯತ್ಯಾಸ ಅತ್ಯಲ್ಪ. ಗಾಜು ಅಥವಾ ಪಿಂಗಾಣಿ ಬಟ್ಟಲು ಸಾಕು.

ನೀಲಿಗಿಡ, ಸಕಲೇಶಪುರ
ಕಂದು ಬೇಕಾದರೆ ಇಂಡಿಗೋ (ನೀಲಿಗಿಡದ ಎಲೆ) ಪುಡಿ ತರಬೇಕು. ಬಿಳಿಕೂದಲಿಗೆ ನಂಬಬಹುದಾದ ದಾರಿ ಎರಡು ಹಂತದ್ದು. ಮೊದಲು ಮೆಹಂದಿ ಹಚ್ಚಿ 3 ಗಂಟೆ ಬಿಟ್ಟು, ಬರೀ ನೀರಲ್ಲಿ ತೊಳೆಯಿರಿ. ಆಮೇಲೆ ಅಷ್ಟೇ ಪ್ರಮಾಣದ ಇಂಡಿಗೋವನ್ನು ಉಗುರುಬೆಚ್ಚಗಿನ ನೀರು, ಚಿಟಿಕೆ ಉಪ್ಪಿನಲ್ಲಿ ಕಲಸಿ 10–15 ನಿಮಿಷ ಬಿಟ್ಟು ತಕ್ಷಣ ಹಚ್ಚಿ. ಇದಕ್ಕೆ ನಿಂಬೆ, ಟೀ, ಕಾಫಿ ಯಾವುದೂ ಬೇಡ, ಹುಳಿ ಇಂಡಿಗೋವನ್ನು ಕೆಡಿಸುತ್ತದೆ. ಅರ್ಧ ಗಂಟೆ ಇಟ್ಟರೆ ನಡುಗಂದು, ಎರಡು ಗಂಟೆಗೆ ಕಪ್ಪಿನ ಹತ್ತಿರ. ತೊಳೆದಾಗ ಹಸಿರು ಛಾಯೆ ಕಂಡರೆ ಗಾಬರಿಯಾಗಬೇಡಿ, ಗಾಳಿ ತಾಗಿ ಎರಡು ದಿನದಲ್ಲಿ ಗಾಢವಾಗುತ್ತದೆ. ಅಲ್ಲಿಯವರೆಗೆ ಶ್ಯಾಂಪೂ ಮುಟ್ಟಬೇಡಿ.

ಪೊಟ್ಟಣದ ಹಿಂದೆ ಪಿಪಿಡಿ (ಕೂದಲಿಗೆ ಕಪ್ಪು ಬಣ್ಣ ಕೊಡುವ ರಾಸಾಯನಿಕ) ಅಂತ ಬರೆದಿದೆಯೇ ನೋಡಿ. ಅರ್ಧ ಗಂಟೆಯಲ್ಲೇ ಕಪ್ಪು ಮಾಡುವ "ಕಪ್ಪು ಮೆಹಂದಿ"ಯಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಚರ್ಮ ಊದಿ ಗುಳ್ಳೆ ಏಳುವ ಅಲರ್ಜಿ ಬರಬಹುದು. ಯಾವ ಪುಡಿಯಾದರೂ ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಿರಿ.

ತೋಟದಮನೆ, ಮೂಡಿಗೆರೆ
ಡಿಸೆಂಬರ್ ಚಳಿಯಲ್ಲಿ ಎಷ್ಟು ಹೊತ್ತು ನೆನೆಯಬೇಕು?

ಮದರಂಗಿ, ಹಾಸನ
25 ಡಿಗ್ರಿ ಆಸುಪಾಸಿನಲ್ಲಿ 8ರಿಂದ 12 ಗಂಟೆ. ನಿಮ್ಮಲ್ಲಿ ರಾತ್ರಿ ಚಳಿಗೆ ಅದು ಸಾಲದು. ಬಟ್ಟಲು ಮುಚ್ಚಿ ಬಚ್ಚಲೊಲೆಯ ಹತ್ತಿರ, ಬಿಸಿ ನೇರವಾಗಿ ತಾಗದ ಕಡೆ ಇಡಿ. ಗಡಿಯಾರಕ್ಕಿಂತ ಅಂಗೈ ನಂಬಿ: ಒಂದು ಹನಿ ಲೇಪ ಇಟ್ಟು 5 ನಿಮಿಷಕ್ಕೆ ಒರೆಸಿದಾಗ ಎದ್ದುಕಾಣುವ ಕಿತ್ತಳೆ ಕಲೆ ಉಳಿದರೆ ತಯಾರು. ಹಚ್ಚಿದ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ಟವೆಲ್ ಕಟ್ಟಿ. ತಣ್ಣಗಿರುವ, ಒಣಗಿದ ಲೇಪ ಸರಿಯಾಗಿ ಬಣ್ಣ ಕೊಡುವುದಿಲ್ಲ. ಮಿಕ್ಕ ಮೆಹಂದಿಯನ್ನು ಫ್ರೀಜರ್‌ನಲ್ಲಿಟ್ಟು ಮುಂದಿನ ಸಲ ಬಳಸಬಹುದು, ಕಲಸಿದ ಇಂಡಿಗೋವನ್ನು ಮಾತ್ರ ಚೆಲ್ಲಲೇಬೇಕು.