ಪೆನ್ಸಿಲ್ವೇನಿಯಾದ 19 ಮತಗಳಿಗಾಗಿ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸಬಹುದೇ?

ಪ್ರಶ್ನೆ: ಕಾಳಿತೀರ, ಕಾರವಾರ

ಕಾರವಾರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಅಮೆರಿಕದ ಅಧ್ಯಕ್ಷೀಯ ಪದ್ಧತಿಯನ್ನು ಪಾಠವಾಗಿ ಒಪ್ಪಿಸುವ ಬದಲು ಅಂತಿಮ ವರ್ಷದ ವಿದ್ಯಾರ್ಥಿಗಳನ್ನೇ ಆಯ್ಕೆ ಸಮಿತಿಯಾಗಿ ಕೂರಿಸಿ ಒಂದು ಕಲ್ಪಿತ ಸನ್ನಿವೇಶವನ್ನು ಕೊಟ್ಟೆ. ಸಣ್ಣ ರಾಜ್ಯವೊಂದರಲ್ಲಿ ಗವರ್ನರ್ ಆಗಿದ್ದ, ವಾಷಿಂಗ್ಟನ್ನಿನ ಒಳಹೊರಗು ಅಷ್ಟಾಗಿ ತಿಳಿಯದ, ವಿದೇಶ ವ್ಯವಹಾರದ ಅನುಭವವೇ ಇಲ್ಲದ, ಎಪ್ಪತ್ತರ ಹತ್ತಿರ ಬಂದಿರುವ ವ್ಯಕ್ತಿಗೆ ಪಕ್ಷದ ಅಧ್ಯಕ್ಷ ಅಭ್ಯರ್ಥಿತನ ಖಚಿತವಾಗಿದೆ. ಉಪಾಧ್ಯಕ್ಷ ಸ್ಥಾನಕ್ಕೆ ಮೂವರ ಹೆಸರು ಕೇಳಿಬರುತ್ತಿದೆ. ಮೊದಲನೆಯವರು ಪೆನ್ಸಿಲ್ವೇನಿಯಾದ ಜನಪ್ರಿಯ ಗವರ್ನರ್. ಆದರೆ ಆ ಹುದ್ದೆಗೆ ಬಂದು ಹೆಚ್ಚು ಕಾಲವಾಗಿಲ್ಲ. ಎರಡನೆಯವರು ಸೆನೆಟಿನ ವಿದೇಶಾಂಗ ಸಮಿತಿಯಲ್ಲಿ ಬಹುಕಾಲ ದುಡಿದ ಹಿರಿಯರು. ಆದರೆ ಅವರ ರಾಜ್ಯದ ಗವರ್ನರ್ ಎದುರು ಪಕ್ಷದವರು. ಮೂರನೆಯವರು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಗಳಲ್ಲಿ ಕೊನೆಯವರೆಗೂ ಸೆಣಸಿ ಸೋತ, ಪಕ್ಷದ ಇನ್ನೊಂದು ಬಣದ ನಾಯಕಿ.

ತರಗತಿ ಮುಗಿಯಲು ಇನ್ನೂ ಸಮಯವಿರುವಾಗಲೇ ಸಮಿತಿಯ ತೀರ್ಮಾನ ಬಂತು. ಕರಿಹಲಗೆಯ ಮೇಲೆ ಗೆಲುವಿಗೆ ಬೇಕಾದ 270ನ್ನು ದೊಡ್ಡದಾಗಿ ಬರೆದು, ಅದರ ಕೆಳಗೆ ಪೆನ್ಸಿಲ್ವೇನಿಯಾದ 19 ಎಲೆಕ್ಟೋರಲ್ ಮತಗಳನ್ನು (ಅಧ್ಯಕ್ಷರನ್ನು ಆರಿಸಲು ಆ ರಾಜ್ಯದ ಪಾಲಿಗಿರುವ, ಅಲ್ಲಿ ಗೆದ್ದವರಿಗೆ ಒಟ್ಟಾಗಿ ಸಲ್ಲುವ ಮತಗಳನ್ನು) ಬರೆದು, ಸುತ್ತ ಎರಡು ಬಾರಿ ಗೆರೆ ಎಳೆದು ಕೈಯ ಸುಣ್ಣ ಕೊಡವಿಕೊಂಡರು. ‘ಘಟ್ಟದ ಮೇಲಿನವರಿಗೆ ಒಂದು ಕೊಟ್ಟರೆ ಕರಾವಳಿಯವರಿಗೆ ಇನ್ನೊಂದು ಕೊಡಲೇಬೇಕಲ್ಲ ಸರ್, ಇದೂ ಹಾಗೆಯೇ’ ಎಂದು ಒಬ್ಬ ವಿದ್ಯಾರ್ಥಿನಿ ವಾದ ಮುಗಿಸಿದಳು. ಲೋಕಸಭಾ ಚುನಾವಣೆ ಬಂದಾಗಲೆಲ್ಲ ಶಿರಸಿ, ಯಲ್ಲಾಪುರದ ಮತವೆಷ್ಟು, ಕುಮಟಾ, ಭಟ್ಕಳದ ಮತವೆಷ್ಟು, ಬೆಳಗಾವಿ ಜಿಲ್ಲೆಯಿಂದ ಬಂದು ಸೇರುವ ಖಾನಾಪುರ, ಕಿತ್ತೂರಿನ ಮತವೆಷ್ಟು ಎಂಬ ಲೆಕ್ಕವನ್ನೇ ಮನೆಯ ಜಗಲಿಯಲ್ಲಿ ಕೇಳುತ್ತ ಬೆಳೆದ ಮಕ್ಕಳಿಗೆ ಈ ಉತ್ತರ ಸಹಜ.

ನನಗೆ ಮಾತ್ರ ವಿಷಯ ಅಷ್ಟು ಸರಳವೆಂದು ತೋರುತ್ತಿಲ್ಲ. ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡೂ ಸದನಗಳ ಸದಸ್ಯರು ಪ್ರತ್ಯೇಕವಾಗಿ ಆರಿಸುತ್ತಾರೆ. 1999ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಹೋಗಿದ್ದ ಮಾರ್ಗರೆಟ್ ಆಳ್ವ ಅವರು 2022ರಲ್ಲಿ ಆ ಹುದ್ದೆಗೆ ಸ್ಪರ್ಧಿಸಿದಾಗ ಅದು ರಾಷ್ಟ್ರಪತಿ ಚುನಾವಣೆಯಿಂದ ಬೇರೆಯೇ ಆದ ಚುನಾವಣೆಯಾಗಿತ್ತು. ಅಮೆರಿಕದ ಮತದಾರ ಹಾಕುವ ಒಂದೇ ಮತ ಇಬ್ಬರಿಗೂ ಸಲ್ಲುತ್ತದೆ, ಮತ್ತು ಎರಡನೆಯವರು ಯಾರೆಂಬುದು ಬಹುಮಟ್ಟಿಗೆ ಮೊದಲನೆಯವರ ಇಚ್ಛೆಗೆ ಬಿಟ್ಟದ್ದು. ಹಾಗಿರುವಾಗ ಈ ಮೂವರನ್ನು ಯಾವ ಅಳತೆಯಿಂದ ತೂಗಬೇಕು? ಉದಾಹರಣೆ ಸಹಿತ ಬರೆದರೆ ಮುಂದಿನ ತರಗತಿಗೆ ಉಪಯೋಗವಾದೀತು.

ಉತ್ತರ: ತೋಟದ ದಾರಿ, ಶಿರಸಿ

ವಿದ್ಯಾರ್ಥಿಗಳ ಲೆಕ್ಕಕ್ಕೆ ಆಧಾರವೇ ಇಲ್ಲವೆನ್ನಲಾಗದು. ಎಲ್ಲರೂ ಎತ್ತಿ ತೋರಿಸುವ ಆಧಾರ 1960ರದು. ಮ್ಯಾಸಚೂಸೆಟ್ಸಿನ ಕ್ಯಾಥೊಲಿಕ್ ಕೆನಡಿಯವರನ್ನು ದಕ್ಷಿಣದ ರಾಜ್ಯಗಳು ಅನುಮಾನದಿಂದ ನೋಡುತ್ತಿದ್ದಾಗ ಅವರು ಟೆಕ್ಸಸ್ಸಿನ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ತೆಗೆದುಕೊಂಡರು. ಆ ರಾಜ್ಯದ 24 ಎಲೆಕ್ಟೋರಲ್ ಮತಗಳು ಸುಮಾರು 46,000 ಮತಗಳ ಅಂತರದಲ್ಲಿ ಅವರ ಪಾಲಾದವು. ಆದರೆ ಅದೇ ಚುನಾವಣೆಯಲ್ಲಿ ಎದುರಾಳಿ ನಿಕ್ಸನ್ ಆರಿಸಿಕೊಂಡಿದ್ದ ಹೆನ್ರಿ ಕ್ಯಾಬಟ್ ಲಾಜ್ ಕೂಡ ಮ್ಯಾಸಚೂಸೆಟ್ಸಿನವರೇ ಆಗಿದ್ದರೆಂಬುದನ್ನು, ಆ ರಾಜ್ಯ ನಿಕ್ಸನ್‌ಗೆ ಸಿಗಲಿಲ್ಲವೆಂಬುದನ್ನು ಯಾರೂ ನೆನೆಯುವುದಿಲ್ಲ. 1988ರಲ್ಲಿ ಡುಕಾಕಿಸ್ ಕೆನಡಿಯ ದಾರಿಯನ್ನೇ ಹಿಡಿದು ಟೆಕ್ಸಸ್ಸಿನ ಲಾಯ್ಡ್ ಬೆಂಟ್ಸನ್ ಅವರನ್ನು ಆರಿಸಿದರು, ಟೆಕ್ಸಸ್ ಕೈಬಿಟ್ಟಿತು. 2004ರಲ್ಲಿ ಜಾನ್ ಎಡ್ವರ್ಡ್ಸ್ ಇದ್ದೂ ನಾರ್ತ್ ಕೆರೊಲೈನಾ ಬರಲಿಲ್ಲ, 2012ರಲ್ಲಿ ಪಾಲ್ ರಯಾನ್ ಇದ್ದೂ ವಿಸ್ಕಾನ್ಸಿನ್ ಬರಲಿಲ್ಲ. 2016ರಲ್ಲಿ ಟಿಮ್ ಕೇನ್ ಅವರ ವರ್ಜೀನಿಯಾ ಬಂತು ನಿಜ, ಆದರೆ ಅದು ಹಿಂದಿನ ಎರಡು ಚುನಾವಣೆಗಳಲ್ಲೂ ಅದೇ ಪಕ್ಷಕ್ಕೆ ಒಲಿದಿದ್ದ ರಾಜ್ಯ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಜಾನ್ಸನ್ ಬರಿಯ ಟೆಕ್ಸಸ್ಸಿನ ಮನುಷ್ಯನಾಗಿರಲಿಲ್ಲ. ಅವರು ಸೆನೆಟಿನ ಬಹುಮತ ಪಕ್ಷದ ನಾಯಕ; ಆ ವರ್ಷದ ಪಕ್ಷದ ಸಮಾವೇಶದಲ್ಲಿ ಕೆನಡಿಯ ಎದುರು ನಿಂತು ಎರಡನೆಯ ಸ್ಥಾನ ಪಡೆದ ಪ್ರತಿಸ್ಪರ್ಧಿ; ರೈಲಿನಲ್ಲಿ ದಕ್ಷಿಣವನ್ನೆಲ್ಲ ಸುತ್ತಿ ಪ್ರಚಾರ ಮಾಡಿದವರು. ನೀವು ಕೊಟ್ಟ ಮೂರು ಹೆಸರುಗಳ ಗುಣಗಳೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದವು. ನಿಮ್ಮ ವಿದ್ಯಾರ್ಥಿಗಳು ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು 1960ರ ಫಲವನ್ನು ನಿರೀಕ್ಷಿಸುತ್ತಿದ್ದಾರೆ.

ಸಮತೋಲನವೆಂಬುದೇ ಅನಿವಾರ್ಯವಲ್ಲ ಎಂಬುದನ್ನೂ ಅವರಿಗೆ ಹೇಳಿ. 1992ರಲ್ಲಿ ಅರ್ಕನ್ಸಾದ ಕ್ಲಿಂಟನ್ ಪಕ್ಕದ ಟೆನೆಸ್ಸಿಯ ಅಲ್ ಗೋರ್ ಅವರನ್ನು ಆರಿಸಿದರು. ಇಬ್ಬರೂ ದಕ್ಷಿಣದವರು, ಇಬ್ಬರೂ ನಲವತ್ತರ ಹರೆಯದವರು, ಪಕ್ಷದೊಳಗಿನ ನಿಲುವೂ ಹೆಚ್ಚುಕಡಿಮೆ ಒಂದೇ. ತಲೆಮಾರು ಬದಲಾಗುತ್ತಿದೆ ಎಂಬ ಒಂದೇ ಮಾತನ್ನು ಎರಡು ಮುಖಗಳಿಂದ ಹೇಳಿಸಿ ಗೆದ್ದರು.

ಉತ್ತರ: ಅಘನಾಶಿನಿ, ಕುಮಟಾ (ಈಗ ಫಿಲಡೆಲ್ಫಿಯಾದ ಹೊರವಲಯದಲ್ಲಿ ವಾಸ)

ಶಿರಸಿಯವರು ಬರೆದುದನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಅವರು ಲೆಕ್ಕವನ್ನು ತುಸು ಬೇಗ ಅಳಿಸಿಬಿಟ್ಟಿದ್ದಾರೆ. 2016ರಲ್ಲಿ ಪೆನ್ಸಿಲ್ವೇನಿಯಾ ತೀರ್ಮಾನವಾದದ್ದು ಸುಮಾರು 44,000 ಮತಗಳಲ್ಲಿ, ಅಂದರೆ ಶೇಕಡಾ 1ಕ್ಕಿಂತ ಕಡಿಮೆ ಅಂತರದಲ್ಲಿ. ಅಂಥಲ್ಲಿ ಜನಪ್ರಿಯ ಗವರ್ನರ್ ಒಬ್ಬರು ತರಬಹುದಾದ ಸಣ್ಣ ಪಾಲನ್ನೂ ಯಾವ ಪ್ರಚಾರ ತಂಡವೂ ತಾತ್ಸಾರ ಮಾಡುವುದಿಲ್ಲ.

2024ರಲ್ಲಿ ಇಲ್ಲಿ ನಡೆದದ್ದು ನಿಮ್ಮ ಸನ್ನಿವೇಶವೇ. ಜುಲೈ 21ರಂದು ಬೈಡನ್ ಹಿಂದೆ ಸರಿದರು. ಕಮಲಾ ಹ್ಯಾರಿಸ್ ಆಗಸ್ಟ್ 6ರೊಳಗೆ ಆಯ್ಕೆ ಮುಗಿಸಬೇಕಾಯಿತು. ಪೆನ್ಸಿಲ್ವೇನಿಯಾದ ಗವರ್ನರ್ ಜೋಶ್ ಶಪಿರೊ, ಅರಿಜೋನಾದ ಸೆನೆಟರ್ ಮಾರ್ಕ್ ಕೆಲ್ಲಿ ಇವರನ್ನೆಲ್ಲ ಪರಿಶೀಲಿಸಿ ಕೊನೆಗೆ ಮಿನ್ನೆಸೋಟಾದ ಗವರ್ನರ್ ಟಿಮ್ ವಾಲ್ಜ್ ಅವರನ್ನು ಆರಿಸಿದರು. ಸೋತ ಮೇಲೆ, ಶಪಿರೊ ಇದ್ದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎಂದು ಇಲ್ಲಿ ಬೇಕಾದಷ್ಟು ಜನ ಹೇಳಿದರು. ಹ್ಯಾರಿಸ್ ಪಡೆದದ್ದು 226. ಅದಕ್ಕೆ 19 ಸೇರಿಸಿದರೂ 245. ನಿರ್ಣಾಯಕವೆನಿಸಿದ ಏಳೂ ರಾಜ್ಯಗಳು ಕೈತಪ್ಪಿದ ಚುನಾವಣೆಯಲ್ಲಿ ಒಂದು ರಾಜ್ಯದ ಗವರ್ನರ್ ಏನು ಮಾಡಿಯಾರು? ಎದುರು ಪಾಳೆಯದಲ್ಲಿ ಟ್ರಂಪ್ ಆರಿಸಿದ ಜೆ. ಡಿ. ವ್ಯಾನ್ಸ್ ಅವರ ಒಹಾಯೊ ಮೊದಲೇ ಅವರ ಪಕ್ಷದ ಕಡೆ ವಾಲಿದ್ದ ರಾಜ್ಯ. 39 ವರ್ಷದ ಆ ಸೆನೆಟರ್‌ರನ್ನು ರಾಜ್ಯಕ್ಕಾಗಿ ಆರಿಸಿದ್ದಲ್ಲ, ತಮ್ಮ ರಾಜಕಾರಣವನ್ನು ಮುಂದಕ್ಕೆ ಒಯ್ಯುವವರು ಬೇಕೆಂದು ಆರಿಸಿದ್ದು. 2016ರಲ್ಲಿ ಇದೇ ಟ್ರಂಪ್ ಇವ್ಯಾಂಜೆಲಿಕಲ್ ಕ್ರೈಸ್ತರ ಅನುಮಾನ ನೀಗಿಸಲು ಮೈಕ್ ಪೆನ್ಸ್ ಅವರನ್ನು ಆರಿಸಿದ್ದರೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಅಭ್ಯರ್ಥಿಗೆ ಆ ಹೊತ್ತಿನಲ್ಲಿ ಯಾವ ಕೊರತೆ ಕಾಡುತ್ತಿದೆಯೋ ಅದೇ ಆಯ್ಕೆಯಲ್ಲಿ ಕಾಣಿಸುತ್ತದೆ.

ಆ ಅಕ್ಟೋಬರಿನಲ್ಲಿ ನಮ್ಮ ಬೀದಿಯಲ್ಲಿ ಎರಡೂ ಪಕ್ಷದ ಕಾರ್ಯಕರ್ತರು ಬಾಗಿಲು ತಟ್ಟುತ್ತಲೇ ಇದ್ದರು. ಮೊಟ್ಟೆಯ ಬೆಲೆ, ಮನೆಬಾಡಿಗೆ, ಗಡಿಯ ವಲಸೆ, ಗರ್ಭಪಾತದ ಹಕ್ಕು ಎಲ್ಲದರ ಬಗ್ಗೆಯೂ ಮಾತು ಬಂತು. ಉಪಾಧ್ಯಕ್ಷರ ಹೆಸರು ಅಂಗಳದ ಫಲಕಗಳಲ್ಲಿ ಇತ್ತೇ ಹೊರತು ನಮ್ಮ ಬಾಗಿಲಿನ ಮಾತಿನಲ್ಲಿ ಬರಲಿಲ್ಲ.

ಉತ್ತರ: ಬಿಳಗಿ ಹಾದಿ, ಸಿದ್ದಾಪುರ

ಇಲ್ಲಿಯವರೆಗಿನ ಚರ್ಚೆಯೆಲ್ಲ ನವೆಂಬರ್ ತಿಂಗಳಿಗೇ ನಿಂತಿದೆ. ಗೆದ್ದ ಮೇಲೆ ಏನು?

ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿ ಹಂಗಾಮಿಯಾಗಿ ಮಾತ್ರ ಕಾರ್ಯ ನಿರ್ವಹಿಸುತ್ತಾರೆ, ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕು. ನಮ್ಮ ಬಿ. ಡಿ. ಜತ್ತಿಯವರು 1977ರ ಫೆಬ್ರವರಿಯಿಂದ ಜುಲೈವರೆಗೆ ಹಾಗೆ ಇದ್ದವರು. ಅಮೆರಿಕದಲ್ಲಿ ಉಪಾಧ್ಯಕ್ಷರು ಉಳಿದ ಅವಧಿಗೆಲ್ಲ ಪೂರ್ಣ ಅಧ್ಯಕ್ಷರೇ ಆಗಿಬಿಡುತ್ತಾರೆ. ಇಂದಿನವರೆಗೆ 9 ಮಂದಿ ಹಾಗೆ ಆಗಿದ್ದಾರೆ, 8 ಮಂದಿ ಅಧ್ಯಕ್ಷರ ಮರಣದಿಂದ, ಒಬ್ಬರು ನಿಕ್ಸನ್ ರಾಜೀನಾಮೆಯಿಂದ. ಎಪ್ಪತ್ತರ ಹತ್ತಿರದ ಅಭ್ಯರ್ಥಿಯ ವಿಷಯದಲ್ಲಿ ಈ ಅಂಕಿಯನ್ನು ಹಲಗೆಯ ಮೇಲೆ ಬರೆಯದಿದ್ದರೆ ಉಳಿದ ಅಂಕಿಗಳಿಗೆ ಅರ್ಥವಿಲ್ಲ.

ಮತಕ್ಕಾಗಿ ಮಾಡಿದ ಸಮತೋಲನ ಆಡಳಿತದಲ್ಲಿ ಹೇಗೆ ತಿರುಗಿಬೀಳಬಹುದೆಂಬುದಕ್ಕೆ ಎರಡು ನಿದರ್ಶನ ಸಾಕು. 1840ರಲ್ಲಿ ವಿಗ್ ಪಕ್ಷದವರು ದಕ್ಷಿಣದ ಮತಕ್ಕೆಂದು ಡೆಮಾಕ್ರಟಿಕ್ ಪಕ್ಷ ಬಿಟ್ಟುಬಂದ ಜಾನ್ ಟೈಲರ್ ಅವರನ್ನು ಹ್ಯಾರಿಸನ್ ಜೊತೆ ನಿಲ್ಲಿಸಿದರು. ಹ್ಯಾರಿಸನ್ ಅಧಿಕಾರ ವಹಿಸಿಕೊಂಡ ಒಂದೇ ತಿಂಗಳಲ್ಲಿ ತೀರಿಕೊಂಡರು. ಟೈಲರ್ ಪಕ್ಷದ ಬ್ಯಾಂಕ್ ಮಸೂದೆಗಳನ್ನು ತಡೆದರು, ಪಕ್ಷ ತನ್ನದೇ ಅಧ್ಯಕ್ಷರನ್ನು ಹೊರಹಾಕಿತು. 1864ರಲ್ಲಿ ಲಿಂಕನ್ ಜೊತೆಗೆ ಟೆನೆಸ್ಸಿಯ ಡೆಮಾಕ್ರಟ್ ಆಂಡ್ರ್ಯೂ ಜಾನ್ಸನ್ ನಿಂತರು. ಯುದ್ಧಕಾಲದಲ್ಲಿ ಐಕ್ಯದ ಸಂಕೇತವಾಗಿ ಅದು ಚೆಲುವಾಗಿಯೇ ಕಂಡಿತು. ಲಿಂಕನ್ ಹತ್ಯೆಯ ನಂತರ, ಬಿಡುಗಡೆಗೊಂಡ ಗುಲಾಮರ ಹಕ್ಕುಗಳ ಪ್ರಶ್ನೆಯಲ್ಲಿ ಅದೇ ಜಾನ್ಸನ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅಡ್ಡ ನಿಂತು 1868ರಲ್ಲಿ ಮಹಾಭಿಯೋಗಕ್ಕೆ ಒಳಗಾದರು. ಸೆನೆಟಿನಲ್ಲಿ ಉಳಿದುಕೊಂಡದ್ದು ಒಂದೇ ಮತದಿಂದ.

ಟ್ರೂಮನ್ ಅವರದು ಇನ್ನೊಂದು ಬಗೆಯ ಪಾಠ. 1944ರಲ್ಲಿ ಪಕ್ಷದ ಹಿರಿಯರು ಹೆನ್ರಿ ವ್ಯಾಲೆಸ್ ಅವರನ್ನು ಬದಿಗೆ ಸರಿಸಿ ಟ್ರೂಮನ್‌ರನ್ನು ತಂದದ್ದು, ರೂಸ್‌ವೆಲ್ಟ್ ಆರೋಗ್ಯ ಕುಸಿಯುತ್ತಿದೆ ಎಂಬ ಅರಿವಿನಿಂದಲೇ. ಆದರೂ 82 ದಿನ ಉಪಾಧ್ಯಕ್ಷರಾಗಿದ್ದ ಅವರಿಗೆ ಪರಮಾಣು ಬಾಂಬಿನ ವಿವರ ತಿಳಿದದ್ದು ಅಧ್ಯಕ್ಷರಾದ ಮೇಲೆ. ಆದ್ದರಿಂದ ಸಿದ್ಧರಾಗಿರುವವರನ್ನು ಆರಿಸಿದರೆ ಸಾಲದು, ಅಧ್ಯಕ್ಷರು ಅವರನ್ನು ಒಳಗೆ ಬಿಟ್ಟುಕೊಳ್ಳಬೇಕು. ಕಾರ್ಟರ್ 1977ರಲ್ಲಿ ಮಾಂಡೇಲ್ ಅವರಿಗೆ ಶ್ವೇತಭವನದ ವೆಸ್ಟ್ ವಿಂಗ್‌ನಲ್ಲೇ ಕಚೇರಿ ಕೊಟ್ಟ ನಂತರವೇ ಈ ಹುದ್ದೆಗೆ ಕೆಲಸವೆಂಬುದು ಬಂದದ್ದು. ನಿಮ್ಮ ಅಭ್ಯರ್ಥಿಯೂ ಕಾರ್ಟರ್ ಅವರಂತೆ ವಾಷಿಂಗ್ಟನ್ನಿನ ಹೊರಗಿನವರು. ನನ್ನ ಮತ ಆ ಹಿರಿಯ ಸೆನೆಟರ್‌ಗೆ.

ಉತ್ತರ: ಬೇಲೆಕೇರಿ, ಅಂಕೋಲಾ

ಸಿದ್ದಾಪುರದವರ ಆಯ್ಕೆಗೆ ಒಂದೇ ತೊಡಕು, ಅದೂ ದೊಡ್ಡದು. ಸೆನೆಟರ್ ಉಪಾಧ್ಯಕ್ಷರಾದರೆ ಅವರ ಸ್ಥಾನ ತೆರವಾಗುತ್ತದೆ, ಬಹುತೇಕ ರಾಜ್ಯಗಳಲ್ಲಿ ಅದನ್ನು ತಾತ್ಕಾಲಿಕವಾಗಿ ತುಂಬುವವರು ಅಲ್ಲಿನ ಗವರ್ನರ್. ಗವರ್ನರ್ ಎದುರು ಪಕ್ಷದವರಾದರೆ ಆ ಸ್ಥಾನ ಹೋದಂತೆಯೇ. ಇದೇ ಭಯದಿಂದ 2004ರಲ್ಲಿ ಮ್ಯಾಸಚೂಸೆಟ್ಸಿನ ಡೆಮಾಕ್ರಟರು, ಜಾನ್ ಕೆರಿ ಅಧ್ಯಕ್ಷರಾದರೆ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ತಮ್ಮವರನ್ನು ಕೂರಿಸದಿರಲೆಂದು ಕಾನೂನನ್ನೇ ಬದಲಿಸಿದರು. ಲಿಂಡನ್ ಜಾನ್ಸನ್ ಅವರ ಕಥೆಯ ಬಾಲವೂ ಹೀಗೆಯೇ ಇದೆ: ಟೆಕ್ಸಸ್ 1960ರಲ್ಲಿ ಬಂತು, ಆದರೆ ಅವರು ಬಿಟ್ಟ ಸೆನೆಟ್ ಸ್ಥಾನ 1961ರ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಜಾನ್ ಟವರ್ ಪಾಲಾಯಿತು. 2021ರಂತೆ ಸೆನೆಟ್ 50–50 ಆಗಿ ನಿಂತಿದ್ದರೆ ಅದರ ಸಭಾಪತಿಯೂ ಆದ ಉಪಾಧ್ಯಕ್ಷರ ನಿರ್ಣಾಯಕ ಮತವೇ ಪಕ್ಷದ ಬಲ; ಒಂದು ಸ್ಥಾನ ಕಳೆದುಕೊಂಡು ಪಡೆದ ಉಪಾಧ್ಯಕ್ಷರಿಗೆ ಆ ಮತ ಚಲಾಯಿಸುವ ಸಂದರ್ಭವೇ ಅಪರೂಪವಾದೀತು.

ನನ್ನ ಒಲವು ಮೂರನೆಯವರ ಕಡೆಗೆ, ಅದಕ್ಕೆ ಕಾರಣ ಬಣಗಳ ರಾಜಿಯಲ್ಲ. 1972ರಲ್ಲಿ ಮೆಕ್‌ಗವರ್ನ್ ಸಮಾವೇಶದ ಕೊನೆಯ ಗಡಿಬಿಡಿಯಲ್ಲಿ, ಕೇಳಿದವರೆಲ್ಲ ಒಲ್ಲೆನೆಂದ ಮೇಲೆ, ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಆರಿಸಿದರು. ಅವರು ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಚಿಕಿತ್ಸೆ ಪಡೆದಿದ್ದ ಸಂಗತಿ ಆಮೇಲೆ ಹೊರಬಿತ್ತು. 18 ದಿನಗಳಲ್ಲಿ ಅವರು ಹಿಂದೆ ಸರಿಯಬೇಕಾಯಿತು. ಆ ಚಿಕಿತ್ಸೆಯನ್ನು ಕಳಂಕವೆಂದು ಕಂಡದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ, ಆದರೆ ಅಭ್ಯರ್ಥಿಗೇ ತಿಳಿಯದ ವಿಷಯವನ್ನು ಪತ್ರಕರ್ತರು ಮೊದಲು ತಿಳಿದರೆ ಪ್ರಚಾರ ಅಲ್ಲಿಗೆ ನಿಲ್ಲುತ್ತದೆ. ಪ್ರೈಮರಿಯಲ್ಲಿ ಕೊನೆಯವರೆಗೆ ನಿಂತವರ ಆದಾಯ, ಆರೋಗ್ಯ, ಹಳೆಯ ಭಾಷಣ ಎಲ್ಲವನ್ನೂ ಎದುರಾಳಿಗಳು ಆಗಲೇ ಜಾಲಾಡಿರುತ್ತಾರೆ. ರೇಗನ್ 1980ರಲ್ಲಿ ತಮ್ಮ ಆರ್ಥಿಕ ನೀತಿಯನ್ನು ಮಾಟಮಂತ್ರಕ್ಕೆ ಹೋಲಿಸಿ ಹಂಗಿಸಿದ್ದ ಜಾರ್ಜ್ ಬುಷ್ ಅವರನ್ನೇ ಜೊತೆಗೆ ತೆಗೆದುಕೊಂಡರು. ಆ ಜೋಡಿ ಎಂಟು ವರ್ಷ ನಡೆಯಿತು.

ಪ್ರಶ್ನೆ ಕೇಳಿದವರಿಂದ: ಕಾಳಿತೀರ, ಕಾರವಾರ

ಎಲ್ಲರಿಗೂ ಧನ್ಯವಾದ. ಮುಂದಿನ ತರಗತಿಯಲ್ಲಿ ಇದೇ ಮೂರು ಹೆಸರುಗಳನ್ನು ಉಳಿಸಿಕೊಂಡು, ಸೆನೆಟ್ 50–50 ಇದೆ ಎಂಬ ಷರತ್ತನ್ನೂ ಅಭ್ಯರ್ಥಿಯ ಹೃದಯದ ಶಸ್ತ್ರಚಿಕಿತ್ಸೆಯ ವಿವರವನ್ನೂ ಸೇರಿಸಿ ಕೊಡುತ್ತೇನೆ. ಅಂಕೋಲೆಯವರ ವಾದ ನನಗೆ ಹೆಚ್ಚು ಹಿಡಿಸಿದೆ. ಆದರೂ ಸೋತ ಬಣದ ನಾಯಕಿಯನ್ನು ಅಧ್ಯಕ್ಷರು ನಂಬಿ ಒಳಗೆ ಬಿಟ್ಟುಕೊಳ್ಳುತ್ತಾರೆಯೇ ಎಂಬ ಸಿದ್ದಾಪುರದವರ ಶಂಕೆ ಹಾಗೆಯೇ ಉಳಿಯುತ್ತದೆ.

ಉತ್ತರ: ತೋಟದ ದಾರಿ, ಶಿರಸಿ

ಆ ನಾಯಕಿ ಯಾವ ರಾಜ್ಯದವರೆಂದು ನೀವು ಹೇಳಿಲ್ಲ. 1804ರ ಹನ್ನೆರಡನೆಯ ತಿದ್ದುಪಡಿಯಂತೆ ಯಾವ ರಾಜ್ಯದ ಎಲೆಕ್ಟರುಗಳೂ (ಎಲೆಕ್ಟೋರಲ್ ಮತ ಹಾಕುವವರೂ) ಅಧ್ಯಕ್ಷರಿಗೊಂದು, ಉಪಾಧ್ಯಕ್ಷರಿಗೊಂದು ಎಂಬ ಎರಡೂ ಮತಗಳನ್ನು ತಮ್ಮದೇ ರಾಜ್ಯದ ಇಬ್ಬರಿಗೆ ಹಾಕುವಂತಿಲ್ಲ. ಟೆಕ್ಸಸ್ಸಿನ ಗವರ್ನರ್ ಆಗಿದ್ದ ಕಿರಿಯ ಬುಷ್ (ರೇಗನ್ ಜೊತೆಗಿದ್ದ ಬುಷ್ ಅವರ ಮಗ) ಜೊತೆಗೆ ನಿಂತ, ಅದೇ ರಾಜ್ಯದಲ್ಲಿ ನೆಲೆಸಿದ್ದ ಡಿಕ್ ಚೇನಿ 2000ದ ಜುಲೈನಲ್ಲಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ಬದಲಿಸಿಕೊಂಡದ್ದು ಅದಕ್ಕಾಗಿಯೇ. ಬುಷ್ ಗೆದ್ದದ್ದು 271 ಮತಗಳಿಂದ. ಟೆಕ್ಸಸ್ಸಿನ 32 ಮತ ಚೇನಿಯವರಿಗೆ ಸಿಗದಿದ್ದರೆ ಉಪಾಧ್ಯಕ್ಷರನ್ನು ಸೆನೆಟ್ ಆರಿಸಬೇಕಾಗುತ್ತಿತ್ತು. ಅಂದಹಾಗೆ, ಬುಷ್ ಅವರಿಗೆ ಜೊತೆಗಾರರನ್ನು ಹುಡುಕಿಕೊಡುವ ಹೊಣೆ ಹೊತ್ತಿದ್ದವರೂ ಇದೇ ಚೇನಿ. ನಿಮ್ಮ ಆಯ್ಕೆ ಸಮಿತಿಯ ಅಧ್ಯಕ್ಷ ಯಾರೆಂಬುದನ್ನೂ ಸ್ವಲ್ಪ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ಕಾಳಿತೀರ, ಕಾರವಾರ

ನಾಯಕಿ ಬೇರೆ ರಾಜ್ಯದವರು. ಅಭ್ಯರ್ಥಿಯ ರಾಜ್ಯಕ್ಕೆ ಇರುವುದೂ ನಾಲ್ಕೇ ಮತ. ಸಮಿತಿಗೆ ಅಧ್ಯಕ್ಷೆ, ಘಟ್ಟದ ಮೇಲು ಕೆಳಗಿನ ಮಾತಾಡಿದ ಆ ವಿದ್ಯಾರ್ಥಿನಿಯೇ. ಈ ಉತ್ತರಗಳನ್ನೆಲ್ಲ ಅವಳಿಗೆ ಓದಲು ಕೊಟ್ಟಿದ್ದೇನೆ.