ಹಳ್ಳಿ ಮನೆಗಳ ಸೋಲಾರ್: ಬ್ಯಾಟರಿ ಬೇಗ ಹಾಳಾಗುವುದೇಕೆ?

ಪ್ರಶ್ನೆ: ಗ್ರಿಡ್ ತಲುಪದ ಹಳ್ಳಿ ಮನೆಗಳಿಗೆ 100 ವ್ಯಾಟ್ ಪ್ಯಾನೆಲ್, 12 ವೋಲ್ಟ್ 100 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್ ಬ್ಯಾಟರಿ (ಕೊಳವೆ ಪ್ಲೇಟಿನ ಸೀಸ-ಆಸಿಡ್ ಬ್ಯಾಟರಿ), ಪಿಡಬ್ಲ್ಯುಎಂ ಕಂಟ್ರೋಲರ್ (ಬ್ಯಾಟರಿ ಚಾರ್ಜ್ ನಿಯಂತ್ರಿಸುವ ಸಾಧನ) ಹಾಕಿದ್ದೇವೆ. 7 ವ್ಯಾಟಿನ ನಾಲ್ಕು ಬಲ್ಬು 5 ಗಂಟೆ, 15 ವ್ಯಾಟಿನ ಫ್ಯಾನ್ 8 ಗಂಟೆ ಓಡುತ್ತವೆ. ಎರಡು ವರ್ಷ ತುಂಬುವ ಮೊದಲೇ ಬ್ಯಾಟರಿ ಕೈಕೊಡುತ್ತಿದೆ. ಏಕೆ?

ಉತ್ತರ 1: ಖರ್ಚು ದಿನಕ್ಕೆ 260 ವ್ಯಾಟ್-ಅವರ್. 4.5 ಗಂಟೆ ಒಳ್ಳೆಯ ಬಿಸಿಲಿದ್ದರೆ ನಷ್ಟ ಕಳೆದು ಪ್ಯಾನೆಲ್‌ನಿಂದ ಸುಮಾರು 315 ಬರುತ್ತದೆ. ದಟ್ಟ ಮೋಡದ ದಿನ ಅರ್ಧವೂ ಇಲ್ಲ. ವಾರಗಟ್ಟಲೆ ಅರೆಬರೆ ಚಾರ್ಜಿನಲ್ಲಿದ್ದರೆ ಬ್ಯಾಟರಿಯೊಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಚಾರ್ಜ್ ಹಿಡಿಯುವ ಶಕ್ತಿ ಕುಗ್ಗುತ್ತದೆ. ಪ್ಯಾನೆಲ್ 150 ವ್ಯಾಟಿಗೆ ಏರಿಸಿ. ಬರೀ ಬ್ಯಾಟರಿ ದೊಡ್ಡದು ಮಾಡಿದರೆ ಪ್ರಯೋಜನವಿಲ್ಲ.

ಉತ್ತರ 2: ವೈರಿಂಗೂ ನೋಡಿ ಸರ್. ಕಂಟ್ರೋಲರ್‌ನಿಂದ ಬ್ಯಾಟರಿಗೆ 10 ಮೀಟರ್ ದೂರ, 2.5 ಚದರ ಮಿಮೀ ತಾಮ್ರದ ತಂತಿ ಇದ್ದರೆ, 6 ಆಂಪಿಯರ್‌ಗೆ 0.8 ವೋಲ್ಟ್ ತಂತಿಯಲ್ಲೇ ಹೋಗುತ್ತದೆ. ಕಂಟ್ರೋಲರ್ 14.4 ವೋಲ್ಟ್ ಕಂಡು ಬ್ಯಾಟರಿ ತುಂಬುತ್ತಿದೆ ಎಂದುಕೊಂಡು ಚಾರ್ಜ್ ಇಳಿಸುತ್ತದೆ, ಬ್ಯಾಟರಿಯಲ್ಲಿ ಆಗ ಇರುವುದು 13.6. ಎರಡನ್ನೂ ಒಂದೂವರೆ ಮೀಟರ್ ಒಳಗಿಡಿ. ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಫ್ಯೂಸ್ ಹಾಕಿ.

ಉತ್ತರ 3: ವೋಲ್ಟೇಜ್ ಇಳಿದು ಕಂಟ್ರೋಲರ್ ಲೈಟ್ ಕಟ್ ಮಾಡಿದಾಗ ಕೆಲವರು ಬಲ್ಬಿನ ವೈರನ್ನು ನೇರ ಬ್ಯಾಟರಿಗೇ ಸಿಕ್ಕಿಸುತ್ತಾರೆ, ಆಗ ಬ್ಯಾಟರಿ ತೀರಾ ಬರಿದಾಗಿ ಹಾಳಾಗುತ್ತದೆ. ಟರ್ಮಿನಲ್ ಮೇಲೆ ಹೆಚ್ಚುವರಿ ತಂತಿಯೋ ಗೀರೋ ಇದೆಯೇ ನೋಡಿ. ಬೈದು ಫಲವಿಲ್ಲ, ಕೆಂಪು ದೀಪ ಬಂದರೆ ಮೊದಲು ಫ್ಯಾನ್ ಆರಿಸಬೇಕೆಂದು ಮನೆಯ ಎಲ್ಲರಿಗೂ ತೋರಿಸಿಕೊಡಿ. ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ನೀರಿರಲಿ, ಆಸಿಡ್ ಮಾತ್ರ ಸುರಿಯಬೇಡಿ.